ಇಡ್ಲಿ ಬಟ್ಟೆ ಕಟ್ಟಿದ ಡ್ರಮ್ಮುಗಳು

ಒದ್ದೆ ಇಡ್ಲಿ ಬಟ್ಟೆಯ ಹುಳಿವಾಸನೆ ಬಂದರೆ ಈಗಲೂ ನನಗೆ ಯುದ್ಧದ ಆ ಮಧ್ಯಾಹ್ನ ನೆನಪಾಗುತ್ತದೆ. ಠಾಣೆ ಶಹರದ ವರ್ತಕ ನಗರದಲ್ಲಿ ನಮ್ಮದು ಪುಟ್ಟ ಉಡುಪಿ ಹೋಟೆಲು. ಬಾಂಬು ಬಿದ್ದರೆ ಬೆಂಕಿ ಆರಿಸಲೆಂದು ನಮ್ಮ ಸಾಲಿನ ಬಿಲ್ಡಿಂಗುಗಳ ಮುಂದೆಲ್ಲ ನೀರಿನ ಡ್ರಮ್ಮು ಇಡಿಸಿದ್ದರು. ಮುನಿಸಿಪಾಲಿಟಿಯ ಮಲೇರಿಯಾ ಇನ್‌ಸ್ಪೆಕ್ಟರು ಅವುಗಳಲ್ಲಿ ಸೊಳ್ಳೆಮರಿ ತೋರಿಸಿ, "ಸಬ್ ಖಾಲಿ ಕರೋ" ಎಂದರು. ಕಾವಲು ಸಮಿತಿಯ ಧಾರವಾಡದ ಮಾಸ್ತರರು, "ಒಂದ್ ಹನಿ ಚೆಲ್ಲಂಗಿಲ್ರೀ, ಯುದ್ಧ ನಡದದ!" ಎಂದು ಡ್ರಮ್ಮಿಗೆ ಅಡ್ಡ ನಿಂತರು. ಒಳಗೆ ನನ್ನ ತಮ್ಮ ಮಲೇರಿಯಾ ಚಳಿಯಲ್ಲಿ ನಡುಗುತ್ತಿದ್ದ.

ಜಗಳ ಕೇಳಿ ಅಮ್ಮ ಇಡ್ಲಿ ಬೇಯಿಸುವ ಬಟ್ಟೆಗಳನ್ನೆಲ್ಲ ಹೊತ್ತು ಹೊರಗೆ ಬಂದಳು.

"ಹಳೇ ನೀರು ಚೆಲ್ಲಿ, ಹೊಸತು ತುಂಬ್ಸಿ. ಡ್ರಮ್ಮಿನ ಬಾಯಿಗೆ ಇದನ್ನು ಬಿಗಿಯಾಗಿ ಕಟ್ಟುವ. ಬೆಂಕಿಗೆ ನೀರೂ ಆಯ್ತು, ಸೊಳ್ಳೆಗೆ ಬಾಗಿಲು ಹಾಕಿದ ಹಾಗೂ ಆಯ್ತು."

"ನಾಳೆ ಗಿರಾಕಿಗಳಿಗೆ ಎಂತ ಕೊಡುದು ಮಾರಾಯ್ತಿ?" ಅಪ್ಪ ಗೊಣಗಿದರು. ಅಮ್ಮ ಗಂಟು ಬಿಗಿದಳು.

ಮರುದಿನ ಬೆಳಿಗ್ಗೆ ಎಲ್ಲರ ತಟ್ಟೆಗೂ ಉಪ್ಪಿಟ್ಟು ಬಿತ್ತು. ಇಡ್ಲಿ ಎಲ್ಲಿ ಎಂದು ಕೇಳಿದವರಿಗೆ ಅಮ್ಮ ಸೌಟಿನಿಂದ ಹೊರಗಿನ ಡ್ರಮ್ಮುಗಳನ್ನು ತೋರಿಸಿದಳು. "ಡ್ಯೂಟಿಗೆ ಹೋಗಿದೆ. ಯುದ್ಧ ಮುಗಿದ ಮೇಲೆ ಬರ್ತದೆ."