ದೊಡ್ಡಪ್ಪನ ಹೊಸ ಅಕೌಂಟು

‘ಫೋಲ್ಡರ್ ಸಿಗುತ್ತಿಲ್ಲ’ ಎಂದು ಕಂಪ್ಯೂಟರ್ ಮತ್ತೆ ಮತ್ತೆ ಹೇಳಿದಾಗ ಶಿಲ್ಪಶ್ರೀಗೆ ಅದನ್ನೆತ್ತಿ ಕುಕ್ಕರುಗಳ ರಾಶಿಯ ಮೇಲೆ ಕುಕ್ಕಬೇಕು ಅನ್ನಿಸಿತು. ಬನಶಂಕರಿಯ ಆ ಪಾತ್ರೆ ಅಂಗಡಿ ಅವಳ ದೊಡ್ಡಪ್ಪ ಮರುಳಸಿದ್ದಪ್ಪನವರದು. ಬಿಲ್ ಹಾಕುವ ಕಂಪ್ಯೂಟರೂ ಅವರದೇ.

ಅವಳೂ ಗೆಳೆಯರೂ ಸೇರಿ ಕನ್ನಡ ಟೈಪ್ ಮಾಡುವ ‘ಒತ್ತಕ್ಷರ’ ಎಂಬ ಸಾಫ್ಟ್‌ವೇರನ್ನು ಪುಕ್ಕಟೆ ಹಂಚುತ್ತಿದ್ದರು. ಊರಿಗೆಲ್ಲ ಬೇಕಾದದ್ದು ವಿಂಡೋಸ್. ಇವರ ತಂಡದಲ್ಲಿ ಮಾತ್ರ ಒಬ್ಬರ ಹತ್ತಿರವೂ ಅದಿಲ್ಲ, ಇಲ್ಲ ಅನ್ನುವುದೇ ಒಂದು ಜಂಬ! ವಿಂಡೋಸಿಗೆ ಒತ್ತಕ್ಷರವನ್ನು ಹಾಕಿಕೊಡುವ ಹೊಸ ಸೆಟಪ್ ಕೈಕೊಡುತ್ತಿದೆ ಎಂದು ಅಲ್ಲಲ್ಲಿಂದ ದೂರು ಬಂದಿತ್ತು. ಸಂಜೆಯೊಳಗೆ ಸರಿಹೋಗದಿದ್ದರೆ ವಿಂಡೋಸನ್ನೇ ಕೈಬಿಡುವುದೆಂದು ತಂಡ ತೀರ್ಮಾನಿಸಿಬಿಟ್ಟಿತ್ತು. ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದಿದ್ದ ಶಿಲ್ಪಶ್ರೀ ಕೊನೆಯ ಪ್ರಯತ್ನಕ್ಕೆಂದು ದೊಡ್ಡಪ್ಪನ ವಿಂಡೋಸ್ ಕಂಪ್ಯೂಟರನ್ನೇ ಹಿಡಿದಿದ್ದಳು.

“ದೊಡ್ಡಪ್ಪ, ಇದರಲ್ಲಿ ನಿಮ್ಮ ಅಕೌಂಟ್ ಹೆಸರೇನು?”

“ಓಂ ನಮಃ ಶಿವಾಯ.”

“ಅಯ್ಯೋ, ದೇವರನ್ನ ಆಮೇಲೆ ನೆನೆಸ್ಕೊಳ್ಳಿ, ಹೆಸರು ಹೇಳಿ!”

“ಅದೇ ಕಣಮ್ಮ ಹೆಸರು. ದೀಪಾವಳಿ ದಿನ ‘ಕ್ರಿಯೇಟ್ ಅಕೌಂಟ್’ ಅಂತು. ಹೊಸ ಲೆಕ್ಕ ಶುರು ಮಾಡೋವಾಗ ಮೊದಲು ಶಿವನ ಹೆಸರಲ್ವಾ ಬರಿಯೋದು? ಬರ್ದೆ. ಕನ್ನಡದಲ್ಲೇ.”

ಶಿಲ್ಪಶ್ರೀಗೆ ಎಂಥ ನಗು ಬಂತೆಂದರೆ ಪಕ್ಕದ ಕೊಳಗ ಹಿಡಿದುಕೊಂಡೇ ಕೂರಬೇಕಾಯಿತು. ಪುಟ್ಟೇನಹಳ್ಳಿಯಲ್ಲಿದ್ದ ತಂಡದ ಸಿದ್ಧಾರ್ಥ ಫೋನಿನ ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ. “ಮಗಾ, ಸಿಂಪಲ್. ಇಂಗ್ಲಿಷಲ್ಲಿ ಬೇರೆ ಅಕೌಂಟ್ ಮಾಡಿ ಓಡ್ಸು. ಟೆಸ್ಟ್ ಪಾಸ್ ಅಂತ ಹಾಕ್ತೀನಿ.”

“ದೂರು ಕೊಟ್ಟೋರ್ಗೂ ಹೋಗಿ ಹಂಗೇ ಹೇಳ್ಲಾ? ಸುಮ್ನಿರೋ,” ಎಂದು ಅವಳು ತನ್ನ ಲ್ಯಾಪ್‌ಟಾಪ್ ಬಿಚ್ಚಿದಳು. ಸೆಟಪ್ ಕಟ್ಟುವ ಕೋಡಿನಲ್ಲಿ ಹುಡುಕುತ್ತಾ ಹೋದರೆ ಸಿಕ್ಕಿತು ನೋಡಿ ಆ ಸಾಲು: ಫೋಲ್ಡರಿನ ಹೆಸರಲ್ಲಿ ಇಂಗ್ಲಿಷಲ್ಲದ ಯಾವ ಅಕ್ಷರ ಕಂಡರೂ ಕಸವೆಂದು ಗುಡಿಸಿಹಾಕು! ಕನ್ನಡದ ಸಾಫ್ಟ್‌ವೇರಿಗೆ ಕನ್ನಡವೇ ಕಸ. ವಿಂಡೋಸಿನಲ್ಲಿ ಅಕೌಂಟಿನ ಹೆಸರೇ ಫೋಲ್ಡರಿಗೂ ಹೆಸರು; ಶಿವನನ್ನು ಗುಡಿಸಿದ ಮೇಲೆ ಫೋಲ್ಡರ್ ಎಲ್ಲಿಂದ ಸಿಗಬೇಕು?

ಸಾಲನ್ನು ಕಿತ್ತೆಸೆದು ಸೆಟಪ್ ಮತ್ತೆ ಕಟ್ಟಿಸಿದಳು. ಕೆಂಪು ಗುರುತು ಬಂತು, ಆತುರದಲ್ಲಿ ಒಂದು ಬ್ರಾಕೆಟ್ಟೂ ಕಿತ್ತುಹೋಗಿತ್ತು. ಅದನ್ನು ಹಾಕಿ ಮತ್ತೆ ಕಟ್ಟಿಸಿದಳು. ಅಷ್ಟರಲ್ಲಿ ಇಡ್ಲಿ ಪಾತ್ರೆ ಹಿಡಿದ ಆಂಟಿಯೊಬ್ಬರು, “ನನ್ ಬಿಲ್ ಹಾಕ್ತೀರೋ ಇಲ್ವೋ?” ಎಂದು ರೇಗಿದರು. “ಒಂದ್ನಿಮಿಷ ಆಂಟಿ, ಶಿವ ಬರ್ತಿದಾನೆ!” ಎಂದು ಶಿಲ್ಪಶ್ರೀ ಪೆನ್‌ಡ್ರೈವ್ ಚುಚ್ಚಿದಳು. ಹಸಿರು ಪಟ್ಟಿ ತೆವಳಿತು, ನಿಂತಿತು, ಎಲ್ಲರ ಜೀವ ತಿಂದು ಮತ್ತೆ ಓಡಿತು.

ಆಗಿಯೇಹೋಯಿತು! ಸೌಟು ಕಿತ್ತುಕೊಂಡು ಅವಳು ದೊಡ್ಡ ಪರಾತಕ್ಕೆ ಢಣಢಣ ಬಾರಿಸಿದಳು. ಬೆಚ್ಚಿಬಿದ್ದ ಆಂಟಿಯೂ ನಕ್ಕುಬಿಟ್ಟರು.

“ಸಖತ್ ಗುರು, ವಿಂಡೋಸ್ ಉಳೀತು!” ಫೋನಿನಲ್ಲಿ ಸಿದ್ಧಾರ್ಥನೂ ಕುಣಿಯುತ್ತಿದ್ದ. “ಆದ್ರೂ ಅಂಕಲ್, ಯಾರಾದ್ರೂ ಅಕೌಂಟ್ ಹೆಸರನ್ನ ಕನ್ನಡದಲ್ಲಿ ಬರೀತಾರಾ?”

ಮರುಳಸಿದ್ದಪ್ಪ ಇಡ್ಲಿ ಪಾತ್ರೆಯ ಬಿಲ್ ಹಾಕುತ್ತಲೇ ಫೋನಿನತ್ತ ಬಾಗಿದರು.

“ಕನ್ನಡದಲ್ಲಿ ಬರೀರಿ, ಬರೀರಿ ಅಂತ ಊರಿಗೆಲ್ಲ ಹಂಚಿದೋರು ನೀವೇ ಅಲ್ವೇನಪ್ಪ? ನಾವು ನಿಜವಾಗ್ಲೂ ಬರೀತೀವಿ ಅಂತ ನೀವು ನಂಬಿರ್ಲಿಲ್ವಾ?”