ಎಡಗೈಯ ಗವಸು
ಆಸ್ಪತ್ರೆಯಲ್ಲಿ ವೈದ್ಯೆಯ ಮೇಜಿನ ಮೇಲಿದ್ದ ಖಾಲಿ ಲೋಟದ ಹತ್ತಿರ ಬಂದ ಹೆಂಡತಿಯ ಬಲಗೈ ಅಲ್ಲೇ ನಿಂತುಬಿಟ್ಟಿತು. ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಪಾರ್ಶ್ವವಾಯು ಹೊಡೆದ ಕೈಗೆ ಮತ್ತೆ ಕೆಲಸ ಕಲಿಸಲು ಹಲವು ರೋಗಿಗಳನ್ನು ಸೇರಿಸಿಕೊಂಡು ನಡೆಸುತ್ತಿದ್ದ ಅಧ್ಯಯನ ಅದು; ಎಚ್ಚರವಿದ್ದಷ್ಟು ಹೊತ್ತೂ ಚೆನ್ನಾಗಿದ್ದ ಎಡಗೈಗೆ ದಪ್ಪ ಗವಸು ಕಟ್ಟಿ, ಎಲ್ಲವನ್ನೂ ಬಲಗೈಯಿಂದಲೇ ಮಾಡಿಸಬೇಕೆಂಬುದು ನಿಯಮ.

“ನನ್ನ ಕೈ ಕಚೇರಿ ಗುಮಾಸ್ತನ ಥರ ಡಾಕ್ಟ್ರೇ, ಏನು ಹೇಳಿದ್ರೂ ನಾಳೆ ಬಾ ಅನ್ನುತ್ತೆ,” ಎಂದು ಅವಳು ನಕ್ಕಳು. ವೈದ್ಯೆ ನಗಲಿಲ್ಲ. “ಉಳಿದವರೆಲ್ಲ ಇಷ್ಟೊತ್ತಿಗೆ ಲೋಟ ಹಿಡೀತಿದ್ದಾರಮ್ಮ. ಮನೇಲಿ ಗವಸು ಹಾಕ್ತಿದ್ರಾ?”

“ಇಲ್ಲ, ನಾನೇ ಬಿಚ್ಚಿ ಎಸೀತಿದ್ದೆ. ಸೋಮಾರಿ ನಾನು,” ಎಂದಳು, ಪಕ್ಕದಲ್ಲಿ ಕೂತಿದ್ದ ಗಂಡನತ್ತ ನೋಡದೆ. ಅವಳು ಬೇಡವೆಂದರೂ ಬಿಚ್ಚುತ್ತಿದ್ದವನು ಅವನು. ಕೇಳಿದವರಿಗೆ ‘ಅವಳ ಕಷ್ಟ ನೋಡೋಕಾಗಲ್ಲ’ ಎನ್ನುತ್ತಿದ್ದ. ನಿಜಕ್ಕೂ, ಅವಳು ಒಂದು ತುತ್ತು ಎತ್ತುವಷ್ಟರಲ್ಲಿ ಅವನ ತಾಳ್ಮೆ ಕೆಟ್ಟು, ಊಟ ಬೇಗ ಮುಗಿದರೆ ಸಾಕು ಎನಿಸುತ್ತಿತ್ತು.

“ಹಾಗಾದ್ರೆ ನಿಮ್ಮನ್ನ ಈ ಅಧ್ಯಯನದಿಂದ ಕೈಬಿಡಬೇಕಾಗುತ್ತೆ,” ಎಂದರು ವೈದ್ಯೆ.

“ಬಿಚ್ಚಿದ್ದು ಇವಳಲ್ಲ, ನಾನು,” ಎಂದ ಗಂಡ. “ಕಾಯೋಕಾಗದೆ ಬಿಚ್ಚಿದೆ. ಇವಳನ್ನ ಬಿಡಬೇಡಿ.” ವೈದ್ಯೆ ಇಬ್ಬರ ಮುಖವನ್ನೂ ನೋಡಿ, ಲೋಟವನ್ನು ಮತ್ತೆ ಮುಂದೆ ಸರಿಸಿದರು. ಹೆಂಡತಿ ಕೈ ಚಾಚಿದಳು. ಬೆರಳು ತಾಗಿ ಲೋಟ ಉರುಳುತ್ತಾ ಅಂಚಿಗೆ ಬಂತು. ಹಿಡಿಯಲು ಅವನ ಕೈ ತಾನಾಗಿ ಎದ್ದಿತು.

“ಬೀಳ್ಲಿ ಬಿಡ್ರೀ,” ಎಂದಳು ಅವಳು.

ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಕೂತ.