ಕುಶಲ ಕೇಳಿದ ಹುಡುಗಿ

“ಹೌ ಆರ್ ಯು ಟುಡೇ?” ಎಂದು ಕಾಫಿ ಅಂಗಡಿಯ ಹುಡುಗಿ ಕೇಳಿದಾಗ ನೀಲಕ್ಕ ಹೆಗಲ ಮೇಲಿನ ಬ್ಯಾಗನ್ನು ಇಳಿಸಿ ಕೌಂಟರಿನ ಮೇಲಿಟ್ಟು, ನಿಜವಾಗಿಯೂ ಉತ್ತರ ಹೇಳಲು ನಿಂತುಬಿಟ್ಟಳು.

ಪಕ್ಕದಲ್ಲಿದ್ದ ತಮ್ಮ ಗೌರೀಶನಿಗೆ ಮುಜುಗರವಾಯಿತು. ಬೆಳಿಗ್ಗೆ ಸ್ಕೋಫೀಲ್ಡ್ಸ್ ಬಡಾವಣೆಯ ತನ್ನ ಮನೆಯಿಂದ ಬ್ಲೂ ಮೌಂಟನ್ಸ್ ಬೆಟ್ಟಗಳಿಗೆ ಹೊರಡುವಾಗಲೇ, ಊರಿನಿಂದ ಬಂದವರಿಗೆಲ್ಲ ಹೇಳುವ ಪಾಠವನ್ನು ಅಕ್ಕನಿಗೂ ಒಪ್ಪಿಸಿದ್ದ. ಎಸ್ಕಲೇಟರಿನಲ್ಲಿ ಎಡಕ್ಕೆ ನಿಲ್ಲಬೇಕು. ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳಬೇಕು. ಇಲ್ಲಿಯವರು ‘ಹೌ ಆರ್ ಯು’ ಅಂದರೆ ಅದು ಪ್ರಶ್ನೆಯಲ್ಲ. ‘ಗುಡ್, ಥ್ಯಾಂಕ್ಸ್’ ಅಂದು ಬೇಕಾದ್ದು ಹೇಳಿ ಪಕ್ಕಕ್ಕೆ ಸರಿಯಬೇಕು. ಹೇಳಿ ಹೇಳಿ ಅವನ ಬಾಯಿಗೇ ಬೇಸರ ಬಂದಿತ್ತು. ಹಿಂದಿನ ವಾರವಿಡೀ ಆಫೀಸಿನ ಕಂಪ್ಯೂಟರ್ ಸರ್ವರುಗಳು ಅವನನ್ನು ಸರಿಯಾಗಿ ಮಲಗಲು ಬಿಟ್ಟಿರಲಿಲ್ಲ. ಆದರೂ ರಜೆ ಹಾಕಿ, ಎಷ್ಟನೇ ಸಲವೋ ಏನೋ, ‘ತ್ರೀ ಸಿಸ್ಟರ್ಸ್’ ಬಂಡೆಗಳನ್ನು ತೋರಿಸಲು ಬೆಟ್ಟದ ಮೇಲಿನ ಕಟೂಂಬಾ ಊರಿಗೆ ಬಂದಿದ್ದ. ಬಂದರೆ ಮಂಜು. ಬಂಡೆಗಳಿರಲಿ, ಕಟಾಂಜನದ ಆಚೆಗೆ ಏನೂ ಕಾಣುತ್ತಿರಲಿಲ್ಲ.

ನೀಲಕ್ಕ ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ತರಗತಿಯಲ್ಲಿ ಓದಿ ಹೇಳುವಂತೆ, ಇಂಗ್ಲಿಷಿನಲ್ಲೇ ಒಂದೊಂದೇ ವಾಕ್ಯವಾಗಿ ಹೇಳಿದಳು. “ನನಗೆ ಸರಿಯಾಗಿ ನಿದ್ದೆ ಬರುತ್ತಿಲ್ಲಮ್ಮ. ನಾನು ವಿಧವೆ. ಈಗ ಮತ್ತೆ ಮದುವೆಯಾಗಬೇಕೆಂದು ನಿಶ್ಚಯಿಸಿದ್ದೇನೆ. ಮೆಲ್ಬರ್ನಿನಲ್ಲಿರುವ ಮಗಳಿಗೆ ಹೇಳಿದೆ. ಅವತ್ತಿನಿಂದ ಅವಳು ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ.”

ಹುಡುಗಿಯ ಕೈ ಬಿಲ್ಲಿನ ಯಂತ್ರದ ಮೇಲೆಯೇ ನಿಂತಿತು. ಸಾಲಿನಲ್ಲಿ ಹಿಂದೆ ನಿಂತವರು ಯಾರೋ ಕೆಮ್ಮಿದರು. ಹುಡುಗಿ ಅತ್ತ ನೋಡಲಿಲ್ಲ. ಕೌಂಟರಿನ ಮೇಲೆ ಸ್ವಲ್ಪ ಬಾಗಿ, “ಅವರು ಒಳ್ಳೆಯವರಾ?” ಎಂದು ಕೇಳಿದಳು.

“ಒಳ್ಳೆಯವರು. ನನ್ನ ಮಾತು ಮುಗಿಯುವ ತನಕ ಕಾಯುತ್ತಾರೆ.”

“ಹಾಗಾದರೆ ಅವರನ್ನು ಬಿಡಬೇಡಿ,” ಎಂದ ಹುಡುಗಿ, ಆಮೇಲೆ ಎರಡು ಕಾಫಿಗೆ ಸಕ್ಕರೆ ಎಷ್ಟು ಎಂದು ವಿಚಾರಿಸಿದಳು. ಗೌರೀಶ ಕಾರ್ಡು ಮುಟ್ಟಿಸಿದ. ಅವನ ಕಿವಿಗಳು ಬಿಸಿಯಾಗಿದ್ದವು.

ಹೊರಗೆ ಒದ್ದೆ ಬೆಂಚಿನ ಮೇಲೆ ಕೂತ ಮೇಲೆ ಅವನು ಬಾಯಿ ಬಿಟ್ಟ. “ನಾಕು ದಿನದಿಂದ ನಮ್ಮ ಮನ್ಯಾಗ ಅದೀ. ನನ್ನ ಮುಂದ ಒಂದ್ ಮಾತ್ ಆಡ್ಲಿಲ್ಲ. ಗುರುತು ಪರಿಚಯ ಇಲ್ಲದ ಹುಡುಗಿ ಮುಂದ ಎಲ್ಲಾ ಹೇಳಿದಿ. ಯಾಕಕ್ಕಾ?”

“ಅಕಿ ಕೇಳಿದ್ಲು,” ಎಂದಳು ನೀಲಕ್ಕ.

ಗೌರೀಶನಿಗೆ ನೆನಪಾಯಿತು. ವಿಮಾನ ನಿಲ್ದಾಣದಲ್ಲಿ ಅಕ್ಕ ಎದುರಾದಾಗ ತಾನು ಮೊದಲು ಕೇಳಿದ್ದು ಸೂಟ್‌ಕೇಸು ಎಷ್ಟಿವೆ ಅಂತ. ಆಮೇಲೆ ಯಾವ ಜಾಗ ನೋಡಬೇಕು, ಚಪಾತಿಯೋ ಅನ್ನವೋ, ಹೀಟರ್ ಹಾಕಲೇ ಅಂತ. ನಿದ್ದೆಗೆಟ್ಟ ಕಣ್ಣುಗಳು ಉರಿಯುತ್ತಿದ್ದವು. ಕಾಫಿ ಲೋಟವನ್ನು ರೆಪ್ಪೆಗಳಿಗೆ ಒತ್ತಿಕೊಂಡು ಕೇಳಿದ.

“ಯಾರವರು?”

“ವೀರೇಂದ್ರ ಅಂತ. ನಮ್ಮ ಕಾಲೇಜಿನಾಗ ಲೈಬ್ರರಿ ನೋಡ್ಕೋತಿದ್ರು. ಅವರ ಮನೀಯಾಕಿ ತೀರಿಕೊಂಡು ಭಾಳ ವರ್ಷ ಆತು.”

“ಶಾಂಭವಿ ಏನಂದ್ಲು, ನಿನ್ನ ಮಗಳು?”

“ನಾವಿರೋ ಬಾಕ್ಸ್ ಹಿಲ್‌ನಾಗ ನಮ್ಮ ಮಂದಿ ಭಾಳ ಅದಾರ, ಅವರಿಗೆಲ್ಲಾ ನಾ ಹೆಂಗ ಮಾರಿ ತೋರಿಸ್ಲಿ ಅಂದ್ಲು. ಈ ವಯಸ್ಸಿನಾಗ ಯಾಕ ಬೇಕವ್ವಾ ಅಂದ್ಲು.” ನೀಲಕ್ಕ ಮಂಜಿನತ್ತಲೇ ನೋಡುತ್ತಿದ್ದಳು. “ನಂಗೂ ಸಾಕಾಗೇದೋ ಗೌರೀಶ. ದಿನಾ ಸಂಜೀಕ ಬಾಗಿಲ ಕೀಲಿ ತಗದು ಒಳಗ ಹೋಗಿ, ಮೊದಲ ಟೀವಿ ಹಚ್ಚತೀನಿ. ನೋಡಾಕಲ್ಲ. ಮನ್ಯಾಗ ಯಾವುದಾರ ಒಂದ್ ದನಿ ಇರ್ಲಿ ಅಂತ.”

ಮಳೆಯಂಗಿ ತೊಟ್ಟ ಪ್ರವಾಸಿಗರು ಕಟಾಂಜನದ ಬಳಿ ಬಂದು, ಏನೂ ಕಾಣದೆ, ಆ ಬಿಳುಪಿಗೇ ಬೆನ್ನು ಮಾಡಿ ಫೋಟೊ ತೆಗೆಸಿಕೊಂಡು ಹೋದರು.

“ರಿಜಿಸ್ಟರ್ ಲಗ್ನ,” ಎಂದಳು ಅಕ್ಕ, ಕೇಳದಿದ್ದರೂ. “ಸಾಕ್ಷಿಗೆ ಮೂರು ಮಂದಿ ಬೇಕಂತ. ಅವರ ಕಡಿಂದ ಇಬ್ಬರು ತಯಾರದಾರ.” ಅಷ್ಟಕ್ಕೇ ನಿಲ್ಲಿಸಿ, ಲೋಟದ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದಳು.

ಮೂರನೆಯ ಸಾಕ್ಷಿಯಾಗಿ ನಿಲ್ಲು ಎಂಬ ಆ ಆಡದ ಮಾತಿಗಾಗಿಯೇ ಅಕ್ಕ ಇಲ್ಲಿಯ ತನಕ ಬಂದದ್ದು ಎಂದು ಗೌರೀಶನಿಗೆ ಆಗ ಗೊತ್ತಾಯಿತು. ಹುಬ್ಬಳ್ಳಿಯಲ್ಲಿದ್ದ ಕಾಕಂದಿರ ಮುಖಗಳು ಸಾಲಾಗಿ ಕಣ್ಣ ಮುಂದೆ ಹಾದುಹೋದವು. ಅವರು ಆಡಬಹುದಾದ ಮಾತು, ತಾನು ಕೊಡಬೇಕಾದ ಉತ್ತರ, ಉಳಿದ ರಜೆ, ಹೆಂಡತಿಗೆ ಹೇಳುವ ಬಗೆ, ಎಲ್ಲವೂ ಒಟ್ಟಿಗೆ ತಲೆಗೆ ನುಗ್ಗಿದವು. ಅವುಗಳ ಜೊತೆ ಗುದ್ದಾಡುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಒಂದು ರೀತಿಯಲ್ಲಿ ಅದೇ ಒಳ್ಳೆಯದಾಯಿತು. ಅವನು ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, ಗಡಿಯಾರ ನೋಡಿ ಊರಿನ ಹೊತ್ತನ್ನು ಲೆಕ್ಕ ಹಾಕಿದ.

“ಅಕ್ಕಾ, ಈಗ ಅಲ್ಲಿ ಇನ್ನೂ ಮುಂಜಾನಿ ಇರ್ತದ. ಭಾವನವರು ಎದ್ದಿರ್ತಾರೇನು? ಫೋನ್ ಹಚ್ಚು, ನಾ ಮಾತಾಡ್ತೀನಿ.”

ನೀಲಕ್ಕ ತಮ್ಮನನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ ಫೋನಿಗಾಗಿ ಬ್ಯಾಗಿನೊಳಗೆ ಕೈ ಹಾಕಿದಳು. ಎಷ್ಟು ಹೊತ್ತಾದರೂ ಕೈ ಹೊರಗೆ ಬರಲಿಲ್ಲ, ತಲೆಯೂ ಮೇಲೇಳಲಿಲ್ಲ.